ಬಸ್ ಹತ್ತಿದ ಸ್ಟವ್ವು

ತಿಪಟೂರಿನ ಕಲಾ ಪ್ರದರ್ಶನಕ್ಕೆಂದು ಮಾಯಸಂದ್ರದಲ್ಲಿ ಬಸ್ ಹತ್ತಿದೆ. ಕೈಯಲ್ಲಿ ನನ್ನದೇ ಕೃತಿ. ಪ್ಲೈವುಡ್ ಹಲಗೆಯ ಮೇಲೆ ತೆಂಗಿನ ನಾರು, ಒಡೆದ ಬಳೆ, ಅರ್ಧ ಸುಟ್ಟ ಸೀರೆ ಅಂಟಿಸಿ, ನಡುವೆ ಹಳೆಯ ಪಂಪ್ ಸ್ಟವ್ ಬಿಗಿದಿದ್ದೆ. ವರದಕ್ಷಿಣೆಗಾಗಿ ಸೊಸೆಯನ್ನು ಸುಟ್ಟು, ಸ್ಟವ್ ಸಿಡಿಯಿತು ಎನ್ನುತ್ತಿದ್ದ ಕಾಲ ಅದು.

ಕಂಡಕ್ಟರ್ ತಡೆದರು. "ಸೀಮೆಣ್ಣೆ ಸ್ಟವ್ ಬಸ್ಸಿಗೆ ಹಾಕಂಗಿಲ್ಲ ಕಣಮ್ಮ."

"ಇದು ಚಿತ್ರ ಕಣ್ರೀ."

"ಪಂಪು, ಬರ್ನರು ಎಲ್ಲಾ ಅದೆ, ಚಿತ್ರ ಅಂತೀರಲ್ಲ!"

ಮೂಸಿ ನೋಡಿ, ವಾಸನೆ ಇಲ್ಲವೆಂದು ಖಾತ್ರಿಯಾದ ಮೇಲೆ ಲಗೇಜ್ ಟಿಕೆಟ್ ಕೊಟ್ಟರು.

ಪಕ್ಕದಲ್ಲಿ ಒಬ್ಬ ತಾಯಿ, ಮಗಳನ್ನು ತಿಪಟೂರಿನ ಗಂಡನ ಮನೆಗೆ ಬಿಡಲು ಹೊರಟಿದ್ದರು. "ಇದೇನವ್ವಾ?" ಎಂದು ಕೇಳಿದರು. ಹೇಳಿದೆ. ಥೂ, ಕೆಟ್ಟ ಮಾತು ಎಂದು ಮುಖ ತಿರುಗಿಸಿದರು. ಮಗಳು ಮಾತ್ರ ಸೀರೆಯ ಸುಟ್ಟ ಅಂಚನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಅಂದಳು:

"ಅವ್ವಾ, ಸೀಮೆಣ್ಣೆ ನಾನೇ ಚೆಲ್ಕಂಡೆ ಅಂತ ಹೇಳಿದ್ನಲ್ಲ, ಸುಳ್ಳು. ನಮ್ಮತ್ತೆ ಸುರಿದಿದ್ಲು. ಬೆಂಕಿಪಟ್ಣ ಕಿತ್ಕಂಡು ಆಚೆಗೆ ಓಡಿದ್ದೆ."

ತುರುವೇಕೆರೆಯಲ್ಲಿ ಬಸ್ ನಿಂತಾಗ ತಾಯಿ ಮಗಳ ಕೈ ಹಿಡಿದು ಎದ್ದರು.

"ತಿಪಟೂರು ಇನ್ನೂ ಮುಂದಕ್ಕದೆ ಕಣಮ್ಮ," ಎಂದರು ಕಂಡಕ್ಟರ್.

"ಇರ್ಲಿ ಬುಡಪ್ಪ, ನಾವು ಊರಿಗೆ ವಾಪಸ್ ಹೋಯ್ತೀವಿ," ಎಂದು ಇಳಿದೇಬಿಟ್ಟರು. ಕಿಟಕಿಯಿಂದ ನೋಡಿದೆ. ಮಗಳ ಬಟ್ಟೆಗಂಟು ತಾಯಿಯ ತಲೆಯ ಮೇಲಿತ್ತು.

ಪ್ರದರ್ಶನದಲ್ಲಿ ಬಹುಮಾನ ತೆಂಗಿನ ತೋಟದ ಸೂರ್ಯಾಸ್ತಕ್ಕೆ ಹೋಯಿತು. ನನ್ನಂಥ ಕೃತಿಗಳು ನಮ್ಮ ಕಡೆಯ ಜನಕ್ಕೆ ಅರ್ಥವಾಗುವುದಿಲ್ಲವಂತೆ, ತೀರ್ಪುಗಾರರು ಹೇಳಿದರು.