ಬಂಡೆಯಂಚಿನಲ್ಲಿ ಬಿಟ್ಟ ಚಪ್ಪಲಿ

ಕಪ್ಪು ಬಟ್ಟೆ ತೊಟ್ಟ ಅಜ್ಜಿಯೊಬ್ಬರು ನನ್ನ ಚಪ್ಪಲಿಗಳನ್ನು ಎದೆಗವಚಿಕೊಂಡು, ಕೆಳಗಿನ ಸಮುದ್ರ ನೋಡಿ ಅಳುತ್ತಾ ಚೀರುತ್ತಿದ್ದರು. ಗಂಡನ ಜೊತೆ ಗ್ರೀಸ್‌ನ ಕ್ರೀಟ್ ದ್ವೀಪದ ಕರಾವಳಿ ಸುತ್ತುತ್ತಾ, ಹಿಂದೆ ಉಳಿದಿದ್ದ ಅವರಿಗೆ ಹೇಳದೆ, ಕಡಿದಾದ ಬಂಡೆಯ ಮೇಲಿದ್ದ ಪುಟ್ಟ ಹಳೆಯ ಚರ್ಚಿನೊಳಗೆ ನಾನೊಬ್ಬಳೇ ಹೋಗಿದ್ದೆ. ದೇವರಿರುವ ಜಾಗವೆಂದು ಅಭ್ಯಾಸಬಲದಿಂದ ಚಪ್ಪಲಿ ಹೊರಗೇ ಬಿಟ್ಟಿದ್ದೆ. ಬಾಗಿಲಿಗೆ ಅಡ್ಡವಾಗದಿರಲೆಂದು ಬಂಡೆಯಂಚಿನಲ್ಲಿ ಜೋಡಿಸಿಟ್ಟಿದ್ದೆ. ಅಲ್ಲಿ ಯಾರೂ ಹಾಗೆ ಬಿಡುವುದಿಲ್ಲವಂತೆ.

ಗದ್ದಲ ಕೇಳಿ ಹೊರಬಂದರೆ, ನಮ್ಮವರು ಅಂಚಿನಲ್ಲಿ ಮೊಣಕಾಲೂರಿ, ಅಲೆಗಳತ್ತ ಬಗ್ಗಿ ನನ್ನ ಹೆಸರು ಹಿಡಿದು ಕೂಗುತ್ತಿದ್ದಾರೆ! ಇನ್ನೊಂದಿಷ್ಟು ಬಗ್ಗಿದರೆ ಅವರೇ ಬೀಳುತ್ತಿದ್ದರು.

"ರೀ, ಹಿಂದೆ ಬನ್ರೀ! ಇಲ್ಲೇ ಇದೀನಿ!"

ತಿರುಗಿದ ಅವರ ತುಟಿ ಬಿಳಿಚಿಹೋಗಿತ್ತು. "ಬಿದ್ದೇ ಹೋದೆ ಅಂದ್ಕೊಂಡೆ ಕಣೇ. ಜೀವ ಬಾಯಿಗೆ ಬಂದಿತ್ತು!"

ಅಜ್ಜಿ ಓಡಿಬಂದು ನನ್ನ ಕೆನ್ನೆ, ಭುಜ ಎಲ್ಲ ಮುಟ್ಟಿ ನೋಡಿದರು. ಆಮೇಲೆ ಕುಕ್ಕರಿಸಿ, ಬೇಡವೆಂದರೂ ಕೇಳದೆ ತಾವೇ ಚಪ್ಪಲಿ ತೊಡಿಸಿದರು.

ನನ್ನ ಗುರುತೇ ಇಲ್ಲದವರು ನನಗಾಗಿ ಅಷ್ಟು ಅತ್ತಿದ್ದರು. ನಾವಿರುವ ಕ್ಯಾಲಿಫೋರ್ನಿಯಾದ ಡಬ್ಲಿನ್‌ಗೆ ಮರಳಿದ ಮೇಲೆ, ಅದುವರೆಗೆ ನಾನು ಒಂದು ದಿನವೂ ಮಾತಾಡಿಸದಿದ್ದ ಪಕ್ಕದ ಮನೆಯಾಕೆಯ ಕಿಟಕಿಯ ಪರದೆ ಮಧ್ಯಾಹ್ನವಾದರೂ ಸರಿಯದಿದ್ದರೆ, ನಾನೇ ಹೋಗಿ ಬೆಲ್ ಒತ್ತುತ್ತೇನೆ.