ಕಡೂರಿಗೆ ಇಂಟರ್‌ನೆಟ್ ತಂದವರ ಹೊಸ ಹಟ

ಆಯುಧಪೂಜೆಯ ಮರುದಿನ, ಬೆಳಗಿನ ಐದೂಮುಕ್ಕಾಲು. ಸಿಂಗಟಗೆರೆಯ ಕಾಶಮ್ಮನವರ ತೆಂಗಿನ ತೋಟದಲ್ಲಿ, ಪಂಪಿನ ಮನೆಯ ಗೋಡೆಗೆ ಬಿಗಿದ ಪುಟ್ಟ ಪೆಟ್ಟಿಗೆಯ ಎದುರು ರೇಣುಕಪ್ರಸಾದ್ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಐವತ್ತೆಂಟರ ಮಂಡಿ ನೋಯುತ್ತಿದೆ, ಆದರೂ ಏಳುವವರಲ್ಲ. ಮಣ್ಣು ಒಣಗಿದ್ದನ್ನು ತಾನೇ ತಿಳಿದು, ಕರೆಂಟು ಬಂದ ಕೂಡಲೇ ಮೋಟಾರು ಓಡಿಸುವ ಪೆಟ್ಟಿಗೆ ಅದು. ಕರೆಂಟು ಬರುವುದು ಆರಕ್ಕೆ. ಮೋಟಾರು ಓಡಿದರೆ ಈ ಪೆಟ್ಟಿಗೆ ತಯಾರಾಗುವ ಅಜ್ಜಂಪುರದ ವರ್ಕ್‌ಶಾಪ್ ಉಳಿಯುತ್ತದೆ, ಇಲ್ಲವಾದರೆ ಬಾಗಿಲು ಹಾಕಬೇಕು. ಮತ್ತೆ ಹೂಡಲು ಅವರ ಬಳಿ ಏನೂ ಉಳಿದಿಲ್ಲ.

ಕಡೂರಿನಲ್ಲಿ ಇವರು 'ಇಂಟರ್‌ನೆಟ್ ಪ್ರಸಾದಣ್ಣ'. 1999ರಲ್ಲಿ ಬಸ್‌ಸ್ಟ್ಯಾಂಡ್ ಹಿಂದೆ ಎರಡು ಕಂಪ್ಯೂಟರ್ ಇಟ್ಟು ಬ್ರೌಸಿಂಗ್ ಸೆಂಟರ್ ತೆರೆದವರು. ಪರೀಕ್ಷೆಯ ರಿಸಲ್ಟ್ ದಿನ ಸಾಲು ರಸ್ತೆ ಮುಟ್ಟುತ್ತಿತ್ತು. ಫೇಲಾದವರಿಂದ ಇವರು ದುಡ್ಡು ಇಸ್ಕೊಳ್ಳುತ್ತಿರಲಿಲ್ಲ. ಆಮೇಲೆ ತರೀಕೆರೆ, ಅಜ್ಜಂಪುರಕ್ಕೂ ಕೇಬಲ್ ಎಳೆದರು. "ಸಿಡ್ಲು ಬಡ್ದು ಒಂದೇ ಮಳೆಗಾಲ್ದಲ್ಲಿ ಒಂಬತ್ತು ಮೋಡೆಮ್ ಸುಟ್ಟೋದ್ವು. ಹತ್ತನೇದು ತಂದೆ ಕಣ್ರೀ, ಇನ್ನೇನ್ ಮಾಡ್ಲಿ?"

ಇಂಟರ್‌ನೆಟ್ ಎಲ್ಲರ ಜೇಬಿಗೇ ಬಂದ ಮೇಲೆ ಸೆಂಟರ್‌ಗಳು ಮುಚ್ಚಿದವು. ಕೇಬಲ್ ವ್ಯವಹಾರವನ್ನೂ ಮಾರಿದರು. ಬೇರೆಯವರಾದರೆ ಆ ದುಡ್ಡಲ್ಲಿ ಸೈಟು ಕೊಳ್ಳುತ್ತಿದ್ದರು. ಈ ಪುಣ್ಯಾತ್ಮರು ಹೊಸ ಯಂತ್ರ ಮಾಡುತ್ತೇವೆಂದು ಬಂದ ಏಳು ಮಂದಿಯನ್ನು ನಂಬಿ ಹೂಡಿದರು. ಷರತ್ತು ಒಂದೇ: ತಯಾರಿ ಈ ಮೂರು ತಾಲ್ಲೂಕಿನಲ್ಲೇ ಆಗಬೇಕು. ನಾಲ್ವರು ಆಗಲೇ ಕೈಚೆಲ್ಲಿದ್ದಾರೆ. ಈ ಪೆಟ್ಟಿಗೆ ರೂಪಿಸಿದ ಎಂಜಿನಿಯರ್ ತನುಜಾ ಕೈಚೆಲ್ಲಿಲ್ಲ. ಅವರ ವರ್ಕ್‌ಶಾಪಿನಲ್ಲಿ ಹನ್ನೊಂದು ಹೆಣ್ಣುಮಕ್ಕಳು ದಿನಕ್ಕೆ ಆರು ಪೆಟ್ಟಿಗೆ ಜೋಡಿಸುತ್ತಾರೆ.

ಹೋದ ವರ್ಷ ಎಡವಿದ್ದು ಆಯುಧಪೂಜೆಯಲ್ಲಿ. ಪೆಟ್ಟಿಗೆ ಮಳೆ ತಡೆಯುತ್ತಿತ್ತು, ನಿಜ. ಆದರೆ ನಮ್ಮ ಜನ ನೇಗಿಲು, ಟ್ರ್ಯಾಕ್ಟರಿನ ಜೊತೆ ಅದಕ್ಕೂ ಬಕೆಟ್‌ಗಟ್ಟಲೆ ನೀರೆರಚಿ ತೊಳೆದು, ವಿಭೂತಿ ಹಚ್ಚಿ ಕೈಮುಗಿದರು. ಕೆಳಗಿನಿಂದ ನೀರು ನುಗ್ಗಿ, ಮರುದಿನ ಇಪ್ಪತ್ತೆಂಟು ತೋಟದಲ್ಲಿ ಮೋಟಾರು ಓಡಲಿಲ್ಲ.

"ತೊಳ್ದೋರಲ್ಲಿ ಮೊದಲ್ನೇವ್ನು ನಾನೇ! ನಮ್ ತೋಟದ್ದನ್ನ ಸೋಪ್ ಹಾಕಿ ಉಜ್ಜಿದ್ದೆ" ಎಂದು ಪ್ರಸಾದ್ ನಗುತ್ತಾರೆ. ತೊಳೆಯಬೇಡಿ ಎಂದು ಚೀಟಿ ಅಂಟಿಸೋಣವೆಂದರಂತೆ ತನುಜಾ. ಇವರು ಸುತರಾಂ ಒಪ್ಪಲಿಲ್ಲ. "ಅನ್ನ ಕೊಡೋ ಸಾಮಾನು ಕಣಮ್ಮ, ತೊಳ್ದೇ ತೊಳೀತಾರೆ. ತೊಳೆಯೋ ಹಂಗೇ ಮಾಡು ಅಂದೆ." ಅದಕ್ಕೇ ಒಂದು ವರ್ಷ ಹಿಡಿಯಿತು.

ನಿನ್ನೆ ಕಾಶಮ್ಮ ಮೂರು ಬಕೆಟ್ ಸುರಿದಿದ್ದಾರೆ. "ಇನ್ನೊಂದ್ ಹುಯ್ಯಿ ಅಂದೋನು ನೀನೇ. ಕೆಟ್ರೆ ನನ್ ಬೈಬ್ಯಾಡ ಕಣಪ್ಪ" ಎಂದು ಈಗಲೇ ಎಚ್ಚರಿಸುತ್ತಿದ್ದಾರೆ.

ಆರು ಗಂಟೆ. ಪಂಪಿನ ಮನೆಯ ಬಲ್ಬು ಹತ್ತುತ್ತದೆ. ಮೋಟಾರು ಸುಮ್ಮನಿದೆ. ಒಂದು ನಿಮಿಷ, ಎರಡು ನಿಮಿಷ. ಪಕ್ಕದಲ್ಲಿ ನಿಂತ ತನುಜಾ ಉಗುರು ಕಚ್ಚುತ್ತಿದ್ದಾರೆ, ವರದಿಗೆಂದು ಬಂದ ನಾನೂ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದೇನೆ. ಅಷ್ಟರಲ್ಲಿ ಗುರ್ ಎಂದು ಮೋಟಾರು ಎದ್ದು, ಪೈಪಿನಿಂದ ನೀರು ಧುಮುಕುತ್ತದೆ. ನಿನ್ನೆ ಹೀಗೇ ಪೆಟ್ಟಿಗೆ ತೊಳೆದಿದ್ದ ಅಮೃತಾಪುರದ ರೈತ ಈರಭದ್ರಪ್ಪನವರ ಫೋನು: "ನಮ್ದೂ ಓಡ್ತಾ ಐತೆ!" ಪ್ರಸಾದ್ ಗೋಡೆ ಹಿಡಿದು ಏಳುತ್ತಾರೆ. ಅಳುತ್ತಿದ್ದಾರೆ, ಮುಚ್ಚಿಡುವುದೂ ಇಲ್ಲ.

ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಹಾಕಿಸಬಾರದೇ ಎಂದು ಕೇಳುತ್ತೇನೆ.

"ನನ್ ಹೆಸ್ರು ಯಾಕ್ರೀ? ಇಂಟರ್‌ನೆಟ್ ಯಾರೋ ಎಲ್ಲೋ ಮಾಡಿದ್ದು, ನಾನು ಊರಿಗೆ ತಂತಿ ಎಳ್ದೆ ಅಷ್ಟೇ. ಇದು ಹಂಗಲ್ಲ. 'ಅಜ್ಜಂಪುರದಲ್ಲಿ ಮಾಡಿದ್ದು' ಅಂತ ದಪ್ಪಕ್ಷರದಲ್ಲಿ ಬರ್ಸಿದ್ರೆ ಸಾಕು."