ಚಿತ್ ಮಾಡಿದ ಮೇಲೆ

ವೀರಭದ್ರಪ್ಪನವರು ಕುರ್ಚಿಯ ಮೇಲೆ ಕೂತರೆ ಕುರ್ಚಿ ಕಾಣುತ್ತಿರಲಿಲ್ಲ. ಎರ್ನಾಕುಲಂನ ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ಗುಮಾಸ್ತರಾಗಿ ಅವರು ವರ್ಗವಾಗಿ ಬಂದದ್ದು ಅರವತ್ತಮೂರರಲ್ಲಿ. ಬಂದ ವಾರದೊಳಗೇ ಅವರ ಹೆಸರು ಹೋಗಿ ‘ಫಯಲ್ವಾನ್ ಸಾರ್’ ಎಂಬುದು ನಿಂತಿತು. ಎರಡೂ ಕಿವಿಗಳು ಮುರುಟಿಕೊಂಡಿದ್ದವು. ದಾವಣಗೆರೆಯ ಗರಡಿಮನೆಯಲ್ಲಿ ಮೀಸೆ ಮೂಡುವ ಮೊದಲೇ ಮಣ್ಣಿಗಿಳಿದು, ಎದುರಾಳಿಗಳ ತೋಳು ತೊಡೆಗಳ ನಡುವೆ ತಲೆ ತೂರಿಸಿ ತೂರಿಸಿ ಸಂಪಾದಿಸಿದ ಕಿವಿಗಳು ಅವು. ಫೈಲುಗಳನ್ನು ಮಾತ್ರ ಹಸುಗೂಸನ್ನು ಎತ್ತುವಂತೆ ಎತ್ತುತ್ತಿದ್ದರು. ಅಂಥ ಕೈಗೆ ಪೆನ್ನು ಕೊಟ್ಟ ಸರ್ಕಾರದ ಬುದ್ಧಿಗೆ ಏನೆನ್ನೋಣ!

ಕಲೂರಿನಲ್ಲಿ ಬಾಡಿಗೆ ಮನೆ. ಹೆಂಡತಿ ಜಯಮ್ಮ, ಒಬ್ಬಳೇ ಮಗಳು ನಿರ್ಮಲ. ಊರು ಬಿಟ್ಟಾಗ ಎಂಟು ವರ್ಷದವಳಾಗಿದ್ದ ನಿರ್ಮಲ ಸ್ವಲ್ಪ ಕಾಲದಲ್ಲೇ ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡತೊಡಗಿದಳು. ಜಯಮ್ಮ ಗದರಿದರೆ ಇಂಗ್ಲಿಷಿಗೆ ಹಾರುತ್ತಿದ್ದಳು.

ಕಚೇರಿಯಲ್ಲಿ ಊಟದ ಬಿಡುವಿಗೆ ವೀರಭದ್ರಪ್ಪನವರ ಜೋಡಿ ಶಂಕರನಾರಾಯಣ, ಪಕ್ಕದ ಮೇಜಿನವನು, ತಿರುವನಂತಪುರದವನು. ಅವನ ಸೋದರಮಾವ ಕೇರಳದ ಕಾಳಗವಿದ್ಯೆಯಾದ ಕಳರಿಯ ಆಶಾನ್, ಅಂದರೆ ಗುರು. ಸ್ವತಃ ಶಂಕರನಾರಾಯಣ ಒಂದು ದಿನವೂ ಕಳರಿಗೆ ಇಳಿದವನಲ್ಲ. ಆದ್ದರಿಂದಲೇ ಅದರ ಬಗ್ಗೆ ಅವನಿಗೆ ಯಾವ ಸಂಶಯವೂ ಇರಲಿಲ್ಲ. ಇಬ್ಬರೂ ಇಂಗ್ಲಿಷು ಮಲಯಾಳ ಬೆರೆಸಿ ಕಿತ್ತಾಡುತ್ತಿದ್ದರು.

“ಸಾರ್, ನಿಮ್ಮ ಕುಸ್ತಿ ಒಬ್ಬನಿಗೆ ಸರಿ. ಇಬ್ಬರು ಬಂದರೆ? ನೀವು ಒಬ್ಬನನ್ನು ತಬ್ಬಿಕೊಂಡು ಮಲಗಿರೋವಾಗ ಇನ್ನೊಬ್ಬ ತಲೆ ಮೇಲೆ ಕಲ್ಲು ಹಾಕ್ತಾನೆ.”

“ನಿಮ್ಮ ಕಳರಿಯವರು ಮೈಗೆ ಎಣ್ಣೆ ಹಚ್ಚಿ, ದೀಪಕ್ಕೆ ಕೈ ಮುಗಿದು, ಮೂಲೆಯಲ್ಲಿರೋ ಕತ್ತಿ ಎತ್ಕೊಳ್ಳೋ ಹೊತ್ತಿಗೆ ಕಳ್ಳ ಆಲುವ ದಾಟಿರ್ತಾನೆ.”

“ಮರ್ಮಕ್ಕೆ ಒಂದು ಬೆರಳು ತಾಗಿದರೆ ಸಾಕು ಸಾರ್, ಆನೆಯೂ ಕೂತುಬಿಡುತ್ತೆ.”

“ಮರ್ಮ ಹುಡುಕ್ಕೊಳ್ಳಲಿ ಅಂತ ಆನೆ ಸುಮ್ಮನೆ ನಿಂತಿರುತ್ತೇನು?”

ಕ್ಯಾಂಟೀನಿನವರೆಲ್ಲ ನಗುತ್ತಿದ್ದರು. ವೀರಭದ್ರಪ್ಪನವರು ಮಾತ್ರ ನಗುತ್ತಿರಲಿಲ್ಲ. ಬೀದಿಯಲ್ಲಿ ಮೈಮೇಲೆ ಬಿದ್ದವನಿಂದ ಪಾರಾಗಲು ಕುಸ್ತಿಯಷ್ಟು ನಂಬಿಕೆಯ ವಿದ್ಯೆ ಇನ್ನೊಂದಿಲ್ಲವೆಂದು ಅವರು ಮನಸಾರೆ ನಂಬಿದ್ದರು. ಹೊಡೆತ ತಪ್ಪಬಹುದು, ಕತ್ತಿ ಮನೆಯಲ್ಲಿ ಉಳಿಯಬಹುದು, ನೆಲ ಮಾತ್ರ ಎಲ್ಲಿ ಹೋದರೂ ಕಾಲ ಕೆಳಗೇ ಇರುತ್ತದೆ, ಎದುರಾಳಿಯ ಬೆನ್ನನ್ನು ಅದಕ್ಕೆ ತಾಗಿಸಿದರೆ ಮುಗಿಯಿತು ಎನ್ನುವುದು ಅವರ ಲೆಕ್ಕ.

ಆ ಲೆಕ್ಕ ತಪ್ಪಾದದ್ದು ಎಪ್ಪತ್ತೊಂದರಲ್ಲಿ, ಆಲುವ ರೈಲು ನಿಲ್ದಾಣದಲ್ಲಿ. ಸಹೋದ್ಯೋಗಿಯೊಬ್ಬರ ಮಗಳ ಮದುವೆ ಮುಗಿಸಿ ಮನೆಯ ಮೂವರೂ ವಾಪಸು ಬರಲು ಪ್ಲಾಟ್‌ಫಾರಂ ಮೇಲೆ ನಿಂತಿದ್ದರು. ಸಂಜೆ, ಜನ ಕಡಿಮೆ. ಹಿಂದಿನಿಂದ ಬಂದವನೊಬ್ಬ ಜಯಮ್ಮನ ಕೊರಳಿನ ಸರಕ್ಕೆ ಕೈ ಹಾಕಿ ಎಳೆದ. ಜಯಮ್ಮ ಕೂಗುವ ಮುನ್ನವೇ ವೀರಭದ್ರಪ್ಪನವರು ಅವನ ತೋಳು ಹಿಡಿದು, ಸೊಂಟ ತಿರುಗಿಸಿ, ಅಗಸ ಬಟ್ಟೆಯನ್ನು ಕಲ್ಲಿಗೆ ಎತ್ತಿ ಬಡಿಯುವಂತೆ ಹೆಗಲ ಮೇಲಿಂದ ಎತ್ತಿ ನೆಲಕ್ಕೆ ಹಾಕಿದರು. ಧೋಬಿ ಪಟ್ಟು. ಅಷ್ಟು ಚೆಂದದ ಪಟ್ಟನ್ನು ಅವರು ಕಣದಲ್ಲೂ ಹಾಕಿದ್ದಿಲ್ಲ. ಕಳ್ಳನ ಎರಡೂ ಭುಜ ನೆಲಕ್ಕೆ ತಾಗಿದವು. ಚಿತ್. ಸರ ಪಕ್ಕದಲ್ಲಿ ಬಿತ್ತು.

ಗರಡಿಯಲ್ಲಾದರೆ ಅಲ್ಲಿಗೆ ಕುಸ್ತಿ ಮುಗಿಯಿತು. ಗೆದ್ದವನು ಹಿಡಿತ ಬಿಟ್ಟು ಏಳಬೇಕು, ಬಿದ್ದವನಿಗೆ ಕೈ ಕೊಟ್ಟು ಎಬ್ಬಿಸಬೇಕು. ಇದು ಹುಡುಗರಿಗೆ ಮೊದಲ ಪಟ್ಟಿಗಿಂತ ಮುಂಚೆ ಕಲಿಸುವ ರಿವಾಜು. ವೀರಭದ್ರಪ್ಪನವರ ಮೈಗೆ ಪ್ಲಾಟ್‌ಫಾರಂ ಯಾವುದು, ಕಣ ಯಾವುದು ತಿಳಿಯಲಿಲ್ಲ. ಹಿಡಿತ ಬಿಟ್ಟರು, ಎದ್ದರು, ಬಗ್ಗಿ ಕೈ ಚಾಚಿದರು. ಕಳ್ಳ ಆ ಕೈಯನ್ನೇ ಹಿಡಿದು ಮೇಲೆದ್ದ, ಇನ್ನೊಂದು ಕೈಯಲ್ಲಿ ಚಾಕು ತೆಗೆದು ಅವರ ಎಡ ಮೊಣಕಾಲಿನ ಹಿಂದಕ್ಕೆ ಎಳೆದು ಓಡಿದ. ಹದಿನಾರು ವರ್ಷದ ನಿರ್ಮಲ ಎಲ್ಲವನ್ನೂ ನೋಡುತ್ತ ನಿಂತಿದ್ದಳು. ಅಪ್ಪ ಕೈ ಚಾಚಿದ್ದನ್ನೂ ನೋಡಿದಳು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಗಾಯ ಮಾಯಿತು, ಕಾಲು ಮಡಿಚಲಿಲ್ಲ. ಕೊನೆಗೆ ಶಂಕರನಾರಾಯಣನೇ ಅವರನ್ನು ಕಲೂರಿನ ಗೋವಿಂದ ಗುರುಕ್ಕಳ ಕಳರಿಗೆ ಕರೆದೊಯ್ದ. ಕಳರಿಯ ಗುರುಗಳು ಹೊಡೆಯುವುದನ್ನು ಕಲಿಸುವಂತೆಯೇ ಏಟು ತಿಂದವರನ್ನು ಎಣ್ಣೆ ಹಚ್ಚಿ ತಿಕ್ಕಿ ರಿಪೇರಿಯನ್ನೂ ಮಾಡುತ್ತಾರೆ. ಬಾಯಿ ತುಂಬ ಹಂಗಿಸಿದ್ದ ವಿದ್ಯೆಯ ಮುಂದೆ ವೀರಭದ್ರಪ್ಪನವರು ಕೌಪೀನ ಕಟ್ಟಿ ಬೋರಲು ಮಲಗಿದರು. ನಾಚಿಕೆಯಾಯಿತು. ಆದರೂ ಕೇಳದೆ ಇರಲಾರದೆ ಕೇಳಿದರು:

“ಗುರುಗಳೇ, ನಿಮ್ಮಲ್ಲಿ ಎದುರಾಳಿ ಬಿದ್ದ ಮೇಲೆ ಏನು ಮಾಡ್ತೀರಿ?”

“ಅಭ್ಯಾಸದಲ್ಲಿ ನಾನು ಸಾಕು ಅಂದರೆ ನಿಲ್ಲಿಸ್ತಾರೆ,” ಎಂದರು ಗುರುಕ್ಕಳ್, ಹಿಮ್ಮಡಿಯಿಂದ ತೊಡೆ ತುಳಿಯುತ್ತ. “ರಸ್ತೆಯಲ್ಲಿ ನಮ್ಮ ಹುಡುಗರು ಏನು ಮಾಡ್ತಾರೋ ನಾನು ನೋಡಿಲ್ಲ.”

ಈ ಉತ್ತರ ವೀರಭದ್ರಪ್ಪನವರ ತಲೆಯಲ್ಲಿ ಕೂತುಬಿಟ್ಟಿತು. ಕಾಲು ಅರ್ಧ ಮಡಿಚುವ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು, ಕುಂಟು ಖಾಯಮ್ಮಾಯಿತು. ಅಂದಿನಿಂದ ಯಾವ ಅಖಾಡ ಕಂಡರೂ, ಯಾವ ಪಂದ್ಯ ನೋಡಿದರೂ ಅವರು ಪಟ್ಟನ್ನು ನೋಡುತ್ತಿರಲಿಲ್ಲ. ಎಲ್ಲಿಗೆ ನಿಲ್ಲಿಸುತ್ತಾರೆ ಎಂಬುದನ್ನು ನೋಡುತ್ತಿದ್ದರು. ಕ್ಯಾಂಟೀನಿನಲ್ಲಿ ವಾದ ನಿಂತಿತು. ಪಾಪ, ಶಂಕರನಾರಾಯಣನಿಗೆ ಗೆದ್ದ ಖುಷಿಯೂ ಆಗಲಿಲ್ಲ.

ಎಪ್ಪತ್ತಾರರಲ್ಲಿ ಅವರಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಅದೇ ವರ್ಷ, ಬಿಎಸ್ಸಿ ಮುಗಿಸಿದ್ದ ನಿರ್ಮಲಳಿಗೆ ಅಲ್ಲಿನ ಬಾಹ್ಯಾಕಾಶ ಸಂಸ್ಥೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಬೇರೆ ಊರಿನ ಹುಡುಗಿಯರು ಕನಸಿನಲ್ಲೂ ಕಾಣದ ಕೆಲಸ. ತೊಂದರೆ ಒಂದೇ. ಸಂಸ್ಥೆಯ ಬಸ್ಸು ಅವಳನ್ನು ಮುಖ್ಯರಸ್ತೆಯಲ್ಲಿ ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಮನೆಗೆ ಎರಡೂ ಕಡೆ ಎತ್ತರದ ಕಾಂಪೌಂಡು ಗೋಡೆಯ ಓಣಿ, ಸಂಜೆಗತ್ತಲು, ಗೋಡೆಗೆ ಒರಗಿ ಬೀಡಿ ಸೇದುವ ಪೋಲಿಗಳು. ಮೊದಮೊದಲು ಶಿಳ್ಳೆ, ಆಮೇಲೆ ಮಾತು, ಆಮೇಲೆ ಹಿಂದೆ ಬರುವ ಹೆಜ್ಜೆ.

ಜಯಮ್ಮ ಕಡ್ಡಿ ಮುರಿದಂತೆ ಹೇಳಿದರು: “ನೋಡ್ರಿ, ದಾವಣಗೆರಿಯಿಂದ ನಮ್ಮಣ್ಣ ಒಳ್ಳೆ ಗಂಡು ಐತಿ ಅಂತ ಹೇಳಿಕಳ್ಸ್ಯಾನ. ಒಂದು ದಿನ ಇವಳ ಮೈಗೆ ಯಾರಾದ್ರೂ ಕೈ ಹಚ್ಚಿದ್ರು ಅಂದ್ರೆ, ಅವತ್ತೇ ಕೆಲಸ ಬಿಡಿಸಿ ಊರಿಗೆ ಕರ್ಕೊಂಡು ಹೋಗ್ತೀನಿ. ಆಮ್ಯಾಲೆ ನನ್ನ ಅನಬ್ಯಾಡ್ರಿ.”

ನಿರ್ಮಲ ಅಪ್ಪನ ಮುಖ ನೋಡಿದಳು. ಕೆಲಸ ಬಿಡುವುದೆಂದರೆ ಅವಳಿಗೆ ಪ್ರಾಣ ಬಿಟ್ಟಂತೆ, ಅದು ವೀರಭದ್ರಪ್ಪನವರಿಗೆ ಗೊತ್ತಿತ್ತು. ಮಗಳಿಗೆ ಒಂದು ವಿದ್ಯೆ ಕಲಿಸಬೇಕು, ಬೀದಿಯಲ್ಲಿ ಕೈಕೊಡದ ವಿದ್ಯೆ, ಎಂದು ಅವರು ಅಲ್ಲೇ ನಿಶ್ಚಯಿಸಿದರು.

ಕುಸ್ತಿಯ ಮಾತು ಎತ್ತುವಂತಿರಲಿಲ್ಲ. ಹೆಣ್ಣುಮಗಳನ್ನು ಗಂಡಸರ ಕಣಕ್ಕೆ ಇಳಿಸುವವರು ಯಾರು? ಅದೂ ಅಲ್ಲದೆ ತಮ್ಮ ಕಾಲು ನೋಡಿಕೊಂಡರೆ ಸಾಕಿತ್ತು. ಶಂಕರನಾರಾಯಣ ತನ್ನ ಸೋದರಮಾವನ ವಿಳಾಸ ಕೊಟ್ಟಿದ್ದ. ಕಲೂರಿನ ಕಳರಿಯಂತಲ್ಲ, ತೆಂಕಣದ ಪದ್ಧತಿಯಲ್ಲಿ ಬರಿಗೈಯಿಂದಲೇ ಶುರು, ಕೋಲು ಕತ್ತಿಗೆ ವರ್ಷಗಟ್ಟಲೆ ಕಾಯಬೇಕಿಲ್ಲ ಎಂದಿದ್ದ. ಹೋಗಿ ನೋಡಿದರೆ ಅದು ನಿಜವೇ. ಮೊಣಕೈ, ಅಂಗೈ, ಗಂಟಲು, ಕಂಕುಳು, ಎಲ್ಲ ಹತ್ತಿರದ ಏಟು, ಓಣಿಗೆ ಹೇಳಿ ಮಾಡಿಸಿದ್ದು. ಆದರೆ ಮುದುಕ ಆಶಾನ್ ಹುಡುಗಿಯರಿಗೆ ಕಲಿಸುವುದಿಲ್ಲ ಎಂದು ವೀಳ್ಯ ಮುಟ್ಟದೆ ತಟ್ಟೆಯನ್ನು ಹಿಂದಕ್ಕೆ ಸರಿಸಿದರು.

ನಿವೃತ್ತ ಸೈನಿಕರೊಬ್ಬರು ಜೂಡೋ ಹೇಳಿಕೊಡುತ್ತಿದ್ದರು. ಅದು ಕುಸ್ತಿಯ ದೂರದ ನೆಂಟನಂತೆ ಕಂಡು ವೀರಭದ್ರಪ್ಪನವರಿಗೆ ಮೊದಲು ಜೀವ ಬಂತು. ಬೀಳಿಸುವುದಕ್ಕೆ ಮುಂಚೆ ಬೀಳುವುದನ್ನು ಕಲಿಸುತ್ತಾರೆ ಎಂಬುದೂ ಹಿಡಿಸಿತು. ಅರ್ಧ ಗಂಟೆ ಕೂತು ನೋಡಿದ ಮೇಲೆ ಮುಖ ಸಪ್ಪಗಾಯಿತು. ಎಲ್ಲವೂ ದಪ್ಪ ಕೋಟಿನ ಕಾಲರು ಹಿಡಿದು ಮಾಡುವ ಪಟ್ಟು. ಓಣಿಯ ಪೋಲಿಗಳು ಮುಂಡು ಉಟ್ಟು ಬನಿಯನ್ನು ತೊಟ್ಟವರು. ಎಳೆದರೆ ಬನಿಯನ್ನು ಕೈಗೆ ಬಂದೀತು, ಮನುಷ್ಯ ಬರಲಾರ. ಸಾಲದ್ದಕ್ಕೆ, ಸೋತವನು ಚಾಪೆ ತಟ್ಟಿದ ಕೂಡಲೇ ಗೆದ್ದವನು ಬಿಟ್ಟುಬಿಡುತ್ತಿದ್ದ. ಅವರು ಎದ್ದು ಬಂದರು.

ಉಳಿದದ್ದು ಕರಾಟೆ, ಆಗಷ್ಟೇ ಊರಿಗೆ ಬಂದಿದ್ದ ಹೊಸ ಮೋಜು. ಕಲ್ಯಾಣಮಂಟಪದ ಹಿಂದಿನ ಶೆಡ್ಡಿನಲ್ಲಿ ನಾಗರಕೋವಿಲಿನ ನಟರಾಜ ಎಂಬ ತೆಳ್ಳನೆಯ ಮೇಷ್ಟ್ರು ಕಲಿಸುತ್ತಿದ್ದ. ಹುಡುಗಿಯರಿಗೆ ಭಾನುವಾರ ಬೇರೆಯೇ ತರಗತಿ. ನಿರ್ಮಲ ಸೇರಿದಳು. ವೀರಭದ್ರಪ್ಪನವರು ಪ್ರತಿ ಭಾನುವಾರ ಹೋಗಿ, ಬಾಗಿಲ ಬಳಿ ಎಡಗಾಲು ಚಾಚಿ ಕೂತು, ಪೇಚಾಡಿಕೊಳ್ಳುತ್ತ ನೋಡಿದರು. ಗುದ್ದು ಎದುರಾಳಿಯ ಮೂಗಿನ ತುದಿಗೆ ಬಂದು ಗಕ್ಕನೆ ನಿಲ್ಲುತ್ತಿತ್ತು.

“ಹಿಂಗೆ ನಿಲ್ಲಿಸೋದು ರೂಢಿಯಾದ್ರೆ ಬೀದಿಯಲ್ಲೂ ನಿಂತುಬಿಡುತ್ತಲ್ಲ ಮೇಷ್ಟ್ರೇ? ನನ್ನ ಕಾಲು ಹೋಗಿದ್ದೇ ಇದರಿಂದ,” ಎಂದರು ಒಂದು ದಿನ.

ನಟರಾಜ ಸಿಟ್ಟಾಗಲಿಲ್ಲ. “ಅದಕ್ಕೇ ಮರಳಿನ ಮೂಟೆಗೆ ಹೊಡೆಸ್ತೀನಿ ಸಾರ್. ಆದರೂ ಹೇಳ್ತೀನಿ, ಹುಡುಗಿಗೆ ಎಷ್ಟೇ ಕಲಿಸಿದರೂ ಗಂಡಸಿನ ಜೊತೆ ನಿಂತು ಗುದ್ದಾಡೋಕೆ ಅಲ್ಲ. ಒಂದು ಏಟು. ಅವನ ಕೈ ಸಡಿಲ ಆಯ್ತಾ, ಓಟ.”

“ಓಡೋಕೆ ಮೇಷ್ಟ್ರು ಯಾಕೆ ಬೇಕು?” ಎಂದು ವೀರಭದ್ರಪ್ಪನವರು ಗೊಣಗಿದರು. ಕಣ ಬಿಟ್ಟು ಓಡಿದವನ ಮನೆಗೆ ಹೆಣ್ಣು ಕೊಡದ ಊರಿನಿಂದ ಬಂದವರು ಅವರು. ನಿರ್ಮಲ ಮಾತ್ರ ಆ ಮಾತನ್ನು ಕೇಳಿಸಿಕೊಂಡಳು. ಮರುದಿನದಿಂದ ಬಸ್ಸಿಗೆ ಹೋಗುವಾಗ ಎತ್ತರದ ಹಿಮ್ಮಡಿಯ ಚಪ್ಪಲಿ ಬಿಟ್ಟು, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕತೊಡಗಿದಳು.

ಕರಾಟೆ ಇದ್ದರೂ ಅಪ್ಪನ ಕಾವಲು ತಪ್ಪಲಿಲ್ಲ. ಸಂಜೆ ಬಸ್ಸಿನ ಹೊತ್ತಿಗೆ ವೀರಭದ್ರಪ್ಪನವರು ಕೊಡೆ ಹಿಡಿದು ಮುಖ್ಯರಸ್ತೆಯಲ್ಲಿ ನಿಂತಿರುತ್ತಿದ್ದರು. “ವೇಂಡ ಅಪ್ಪಾ, ಞಾನ್ ವರಾಂ,” ಬೇಡಪ್ಪ, ನಾನೇ ಬರ್ತೀನಿ, ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಲು ಕುಂಟಿದರೇನು, ತೋಳಿನಲ್ಲಿ ಇನ್ನೂ ಕಸುವಿದೆ, ನಾನಿರುವಾಗ ಯಾವನು ಹತ್ತಿರ ಬರುತ್ತಾನೆ ಎಂಬುದೇ ಅವರ ಉಳಿದಿದ್ದ ಜಂಬ.

ಮಳೆಗಾಲ ಮುಗಿಯುತ್ತಿದ್ದ ಒಂದು ಸಂಜೆ ಇಬ್ಬರು ಬಂದರು. ಕುಡಿದಿದ್ದರು. ಒಬ್ಬ ನಿರ್ಮಲಳ ತೋಳು ಹಿಡಿದ. ಅವಳ ಅಂಗೈ ಅವನ ಮೂಗಿಗೆ ಹೋದದ್ದು ವೀರಭದ್ರಪ್ಪನವರಿಗೆ ಕಾಣಿಸಲೇ ಇಲ್ಲ, ಅವನು ಮುಖ ಹಿಡಿದುಕೊಂಡು ಗೋಡೆಗೆ ಒರಗಿದ್ದಷ್ಟೇ ಕಂಡಿತು. ದಾರಿ ತೆರೆಯಿತು. ನಿರ್ಮಲ ಓಡಿದಳು. ಅಷ್ಟರಲ್ಲಿ ವೀರಭದ್ರಪ್ಪನವರು ಇನ್ನೊಬ್ಬನ ಸೊಂಟಕ್ಕೆ ಕೈ ಹಾಕಿದ್ದರು. ಎತ್ತಲು ಎಡಗಾಲು ಮಡಿಚಬೇಕು, ಅದು ಮಡಿಚಲಿಲ್ಲ. ಅವನು ಒಂದು ಸಲ ನೂಕಿದ. ದಾವಣಗೆರೆಯ ಪೈಲ್ವಾನರು ಓಣಿಯ ಕೆಸರಿನಲ್ಲಿ ಅಂಗಾತ ಬಿದ್ದರು. ಅವನು ಒದೆಯಲು ಕಾಲೆತ್ತಿದ.

ನಿರ್ಮಲ ಓಣಿಯ ತುದಿ ಮುಟ್ಟಿದ್ದಳು. ತಿರುಗಿ ನೋಡಿದವಳು ವಾಪಸು ಬಂದಳು. ಅವನ ಮೇಲೆ ಬಿದ್ದಳು, ಹೊಡೆದಳು, ಹೊಡೆಸಿಕೊಂಡಳು. ಚಹಾದಂಗಡಿಯ ಜನ ಕೂಗುತ್ತ ಬಂದು ಅವರನ್ನು ಓಡಿಸುವಷ್ಟರಲ್ಲಿ ಅವಳ ತುಟಿ ಒಡೆದಿತ್ತು, ಬಲಗೈ ಮಣಿಕಟ್ಟು ಮುರಿದಿತ್ತು.

ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದಾಗ ಜಯಮ್ಮ ಅತ್ತು ಮುಗಿಸಿ ಟ್ರಂಕು ತೆಗೆದಿದ್ದರು. “ಸಾಕು. ನಾಡಿದ್ದು ಊರಿಗೆ ಹೊಂಡೋದು. ಇನ್ನು ಯಾರ ಮಾತೂ ಕೇಳಂಗಿಲ್ಲ.”

ನಿರ್ಮಲ ಕನ್ನಡದಲ್ಲಿ ಮಾತಾಡಿದಳು, ನಿಧಾನವಾಗಿ, ಒಡೆದ ತುಟಿ ನೋಯದ ಹಾಗೆ.

“ಅಮ್ಮಾ, ನನಗೇನೂ ಆಗ್ತಿರಲಿಲ್ಲ. ನಾನು ತಪ್ಪಿಸ್ಕೊಂಡಿದ್ದೆ.” ಆಮೇಲೆ ಅಪ್ಪನ ಕಡೆ ತಿರುಗಿದಳು. “ಅಪ್ಪಾ, ಇನ್ನು ಮೇಲೆ ನೀನು ಬಸ್ಸಿನ ಹತ್ರ ಬರಬ್ಯಾಡ. ನೀನಿದ್ರೆ ನನಗೆ ಓಡಕ್ಕಾಗಲ್ಲ.”

ಜಯಮ್ಮನ ಕೈ ಟ್ರಂಕಿನ ಮೇಲೆ ನಿಂತಿತು. ವೀರಭದ್ರಪ್ಪನವರಿಗೆ ಚಾಕು ಬಿದ್ದಾಗ ಇಷ್ಟು ನೋವಾಗಿರಲಿಲ್ಲ. ಬಯ್ಯಬೇಕೆನ್ನಿಸಿತು, ಬಯ್ಯಲು ಮಗಳ ಮಾತಿನಲ್ಲಿ ತಪ್ಪೇನೂ ಸಿಗಲಿಲ್ಲ. ಅವರು ಒಂದು ಮಾತು ಹೇಳಿದರೆ ಮಗಳು ಊರಿಗೆ, ಇನ್ನೊಂದು ಹೇಳಿದರೆ ತಾವು ಮನೆಗೆ.

“ಟ್ರಂಕು ಒಳಗಿಡು,” ಎಂದರು ಕೊನೆಗೆ. “ಅವಳು ಕೆಲಸಕ್ಕೆ ಹೋಗ್ಲಿ. ನಾ ಬರಂಗಿಲ್ಲ.”

ಕೈ ಕೂಡಿಕೊಂಡ ಮೇಲೆ ನಿರ್ಮಲ ಮತ್ತೆ ಕೆಲಸಕ್ಕೆ ಹೋದಳು. ಆ ಸಂಜೆ ವೀರಭದ್ರಪ್ಪನವರು ಅಭ್ಯಾಸಬಲದಿಂದ ಅಂಗಿ ತೊಟ್ಟು, ಬಾಗಿಲವರೆಗೆ ಬಂದು, ಹಿಂದಿರುಗಿ ಕೂತರು. ಜಯಮ್ಮ ನೋಡಿಯೂ ನೋಡದಂತೆ ಅಕ್ಕಿ ಆರಿಸುತ್ತಿದ್ದರು. ಇನ್ನೂ ಬಸ್ಸು ಬಂದಿರಲಾರದು, ಬಂದರೂ ಓಣಿ ದಾಟಲು ಹೊತ್ತು ಬೇಕು ಎಂದು ಅವರು ತಮಗೆ ತಾವೇ ಹೇಳಿಕೊಳ್ಳುತ್ತಿರುವಾಗಲೇ ಗೇಟು ತೆರೆದು ಮಗಳು ಒಳಗೆ ಬಂದಳು.

“ಇಷ್ಟು ಲಗೂ ಬಂದ್ಯಾ? ಬಸ್ಸು ಬೇಗ ಬಂತೇನು?”

“ಇಲ್ಲಪ್ಪ, ಬಸ್ಸು ದಿನಾ ಬರೋ ಹೊತ್ತಿಗೇ ಬಂತು,” ಎಂದು ನಿರ್ಮಲ ಸ್ಯಾಂಡಲ್ಲಿನ ಪಟ್ಟಿ ಬಿಚ್ಚಿದಳು.

ಇಷ್ಟು ತಿಂಗಳೂ ಅವಳು ತಮ್ಮ ಕುಂಟು ನಡಿಗೆಗೆ ಹೆಜ್ಜೆ ಹಾಕುತ್ತ ಆ ಕತ್ತಲಲ್ಲಿ ಬಂದಿದ್ದಳೆಂದು ವೀರಭದ್ರಪ್ಪನವರಿಗೆ ಆಗ ಅರ್ಥವಾಯಿತು. ಅವರು ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು.